ಕೆಸರಿನಲ್ಲಿ ಉಸಿರಾಡುವ ಬೇರು: ರಾಮಪತ್ರೆ ಜಡ್ಡಿಗಳ ಇತಿಹಾಸ

ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಹಳ್ಳಗಳು ಹುಟ್ಟುವ ಕಿರಿದಾದ ಕಣಿವೆಗಳಿವೆ. ಎರಡೂ ಬದಿಯ ಗುಡ್ಡಗಳಿಂದ ಜಿನುಗುವ ನೀರು ಅಲ್ಲಿ ಬಂದು ತಂಗುತ್ತದೆ. ಬೇಸಿಗೆಯಲ್ಲೂ ನೆಲ ಒಣಗುವುದಿಲ್ಲ, ಕಾಲಿಟ್ಟರೆ ಕುಸಿಯುವ ಕಪ್ಪು ಕೆಸರು. ಈ ಕೆಸರಿನಲ್ಲಿ ಬೆಳೆದ ಕಾಡನ್ನು ಉತ್ತರ ಕನ್ನಡದಲ್ಲಿ ರಾಮಪತ್ರೆ ಜಡ್ಡಿ ಎನ್ನುತ್ತಾರೆ, ಸಸ್ಯವಿಜ್ಞಾನಿಗಳು ಮಿರಿಸ್ಟಿಕಾ ಜೌಗು ಎನ್ನುತ್ತಾರೆ. ಜಾಯಿಕಾಯಿಯ ಕುಟುಂಬಕ್ಕೆ ಸೇರಿದ ಐದು ಬಗೆಯ ಮರಗಳು ಪಶ್ಚಿಮ ಘಟ್ಟದಲ್ಲಿವೆ. ಅವುಗಳಲ್ಲಿ ಎರಡು, ಜಿಮ್ನಕ್ರಾಂತೆರಾ ಕೆನರಿಕಾ ಮತ್ತು ಮಿರಿಸ್ಟಿಕಾ ಮ್ಯಾಗ್ನಿಫಿಕಾ, ಈ ಜಡ್ಡಿಗಳನ್ನು ಬಿಟ್ಟು ಬೇರೆಡೆ ನೆಲೆ ನಿಲ್ಲುವುದಿಲ್ಲ. ಉಳಿದ ಮೂರರಲ್ಲಿ ಒಂದಾದ ರಾಮಪತ್ರೆ ಮರ ಜಡ್ಡಿಯ ಅಂಚಿನಲ್ಲೂ ಗಟ್ಟಿನೆಲದ ಕಾಡಿನಲ್ಲೂ ಬೆಳೆಯುತ್ತದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಕರ್ನಾಟಕದ ಜಡ್ಡಿಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು. ಶರಾವತಿ ಮತ್ತು ಅಘನಾಶಿನಿ ಕಣಿವೆಗಳ ಆಸುಪಾಸಿನಲ್ಲಿ ಇಂಥ ಸಣ್ಣಪುಟ್ಟ ತುಂಡುಗಳು ಇನ್ನೂ ಹಲವು ಉಳಿದಿವೆ.

ಈ ಕಾಡಿನ ಕಥೆ ತಿಳಿಯಬೇಕಾದರೆ ನೋಡಬೇಕಾದದ್ದು ಬೇರನ್ನು. ಮರಕ್ಕೆ ಗಾಳಿ ಬೇಕಿರುವುದು ಎಲೆಗೆ ಮಾತ್ರವಲ್ಲ. ಬೇರಿನ ಜೀವಕೋಶಗಳೂ ಉಸಿರಾಡುತ್ತವೆ, ಅವಕ್ಕೂ ಆಮ್ಲಜನಕ ಬೇಕು. ಸಡಿಲವಾದ ಮಣ್ಣಿನ ಕಣಗಳ ನಡುವೆ ಗಾಳಿ ಓಡಾಡುವುದರಿಂದ ಸಾಮಾನ್ಯ ಕಾಡಿನ ಮರಕ್ಕೆ ಇದೊಂದು ಸಮಸ್ಯೆಯೇ ಅಲ್ಲ. ಆ ಸಂದುಗಳಲ್ಲಿ ನೀರು ತುಂಬಿಕೊಂಡರೆ ಪರಿಸ್ಥಿತಿ ಪೂರ್ತಿ ಬದಲಾಗುತ್ತದೆ. ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನವಾಗಿ ಆಮ್ಲಜನಕ ನೀರಿನಲ್ಲಿ ಹರಡುತ್ತದೆ. ಇದ್ದಷ್ಟನ್ನೂ ಮಣ್ಣಿನ ಸೂಕ್ಷ್ಮಜೀವಿಗಳು ಬೇಗನೆ ಮುಗಿಸುತ್ತವೆ. ಆಮೇಲೆ ಅವು ಮಣ್ಣಿನಲ್ಲಿರುವ ಮ್ಯಾಂಗನೀಸ್, ಕಬ್ಬಿಣಗಳ ಆಕ್ಸೈಡುಗಳನ್ನು ಬಳಸಿಕೊಂಡು ಬದುಕುತ್ತವೆ. ಕಬ್ಬಿಣ ನೀರಿನಲ್ಲಿ ಕರಗುವ ರೂಪಕ್ಕೆ ಬಂದು ಬೇರಿಗೆ ವಿಷವಾಗುವುದು ಹೀಗೆ. ಘಟ್ಟದ ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯೇ ಇಲ್ಲವಾದ್ದರಿಂದ ಜಡ್ಡಿಯ ಮರ ಉಸಿರುಕಟ್ಟುವುದನ್ನೂ ವಿಷವನ್ನೂ ಒಟ್ಟಿಗೆ ಎದುರಿಸಬೇಕು.

ಜಿಮ್ನಕ್ರಾಂತೆರಾದ ಅಡ್ಡಬೇರುಗಳು ಕೆಸರಿನೊಳಗೆ ಸ್ವಲ್ಪ ದೂರ ಹರಿದು, ಮೇಲಕ್ಕೆ ಬಾಗಿ ಹೊರಬಂದು, ಮತ್ತೆ ಕೆಳಗಿಳಿಯುತ್ತವೆ. ಮಡಿಸಿದ ಮೊಣಕಾಲಿನ ಆಕಾರದ ಈ ಬಾಗುಗಳು ಮರದ ಸುತ್ತ ಹತ್ತಾರು ಅಡಿಯವರೆಗೆ ಹಬ್ಬಿರುತ್ತವೆ. ಮಿರಿಸ್ಟಿಕಾ ಮ್ಯಾಗ್ನಿಫಿಕಾದ ದಾರಿ ಬೇರೆ. ಅದರ ಕಾಂಡದಿಂದಲೇ, ನೆಲಕ್ಕಿಂತ ಎಷ್ಟೋ ಎತ್ತರದಲ್ಲಿ, ಬೇರುಗಳು ಹೊರಟು ಓರೆಯಾಗಿ ಕೆಸರಿಗೆ ಇಳಿಯುತ್ತವೆ. ಈ ಊರುಗೋಲು ಬೇರುಗಳು ಮೆತ್ತನೆಯ ನೆಲದಲ್ಲಿ ಎತ್ತರದ ಮರವನ್ನು ಬೀಳದಂತೆ ಆನಿಸಿ ಹಿಡಿಯುತ್ತವೆ, ನೀರಿನ ಮಟ್ಟಕ್ಕಿಂತ ಮೇಲಿನ ಭಾಗದಿಂದ ಗಾಳಿಯನ್ನೂ ಎಳೆದುಕೊಳ್ಳುತ್ತವೆ. ಎರಡೂ ಬಗೆಯ ಬೇರುಗಳ ತೊಗಟೆಯ ಮೇಲೆ ಲೆಂಟಿಸೆಲ್ ಎಂಬ ಸಣ್ಣ ಉಬ್ಬಿದ ರಂಧ್ರಗಳಿವೆ. ಗಾಳಿ ಒಳಗೆ ಹೋಗುವುದು ಅವುಗಳ ಮೂಲಕ. ಬೇರಿನೊಳಗಿನ ಕೆಲವು ಜೀವಕೋಶಗಳು ಸತ್ತು ಅಥವಾ ಒಂದರಿಂದ ಒಂದು ಸರಿದು ಉದ್ದನೆಯ ಗಾಳಿಗೊಳವೆಗಳಾಗಿರುತ್ತವೆ. ಏರೆಂಕೈಮಾ ಎಂದು ಕರೆಯುವ ಈ ಅಂಗಾಂಶದ ಮೂಲಕ ಆಮ್ಲಜನಕ ಕೆಸರಿನಾಳದ ಬೇರುತುದಿಯವರೆಗೆ ತಲುಪುತ್ತದೆ. ತುದಿಯಿಂದ ಅಷ್ಟಿಷ್ಟು ಹೊರಗೂ ಸೋರುತ್ತದೆ. ಆ ಸೋರಿಕೆ ವ್ಯರ್ಥವಲ್ಲ. ಕರಗಿದ ಕಬ್ಬಿಣ ಅದನ್ನು ತಾಗಿ ಮತ್ತೆ ತುಕ್ಕಾಗುತ್ತದೆ, ಬೇರಿನ ಮೈಮೇಲೆ ಕೆಂಪು ಪದರವಾಗಿ ಕೂರುತ್ತದೆ, ಒಳಗೆ ನುಗ್ಗುವುದಿಲ್ಲ.

ಜಡ್ಡಿಯ ಎಲ್ಲ ಗಿಡಗಳಿಗೂ ಈ ಎರಡೇ ಉಪಾಯವಲ್ಲ. ಮುಂಡಿಗೆ ಪೊದೆಗಳು ತಮ್ಮದೇ ಊರುಗೋಲು ಬೇರುಗಳ ಮೇಲೆ ನಿಂತಿರುತ್ತವೆ. ದೊಡ್ಡ ಮರಗಳಲ್ಲಿ ಕೆಲವು ಬುಡದ ಸುತ್ತ ಹಲಗೆಯಂಥ ಅಗಲ ಬೇರುಗಳನ್ನು ಚಾಚಿ ಭಾರವನ್ನು ಹಂಚಿಕೊಳ್ಳುತ್ತವೆ. ಆಳಕ್ಕೆ ಇಳಿಯುವ ತಾಯಿಬೇರು ಮಾತ್ರ ಇಲ್ಲಿ ಅಪರೂಪ. ಕೆಳಗೆ ಇಳಿದಷ್ಟೂ ಗಾಳಿ ಕಡಿಮೆ, ಆದ್ದರಿಂದ ಬೇರಿನ ಬಲೆಯೆಲ್ಲ ಮೇಲ್ಪದರದಲ್ಲೇ ಹೆಣೆದುಕೊಂಡಿರುತ್ತದೆ. ಇದೇ ಗುಡ್ಡದ ಮೇಲಿನ ಒಣ ಇಳಿಜಾರಿನಲ್ಲಿ ಮತ್ತಿ, ನಂದಿ, ಹೊನ್ನೆಯಂಥ ಎಲೆಯುದುರುವ ಮರಗಳು ಬೇಸಿಗೆಯ ನೀರಿಗಾಗಿ ಬೇರನ್ನು ಆಳಕ್ಕೆ ಇಳಿಸುತ್ತವೆ. ಕೆಲವೇ ನೂರು ಮಾರುಗಳ ಅಂತರದಲ್ಲಿ ಬೇರುಗಳ ಸ್ವಭಾವ ಹೀಗೆ ತಿರುವುಮುರುವು ಆಗುವುದು ಮಳೆಗಾಲ ಮತ್ತು ಬೇಸಿಗೆ ಎರಡೂ ತೀವ್ರವಾಗಿರುವ ಈ ನಾಡಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಒಂದು ಮರ ತನ್ನ ಜೀವಿತಾವಧಿಯಲ್ಲಿ ಬೇರನ್ನು ಸ್ವಲ್ಪಮಟ್ಟಿಗೆ ಹೊಂದಿಸಿಕೊಳ್ಳಬಲ್ಲದು. ನೀರು ಏರಿದರೆ ಕಾಂಡದಿಂದ ಹೊಸ ಬೇರು ಬಿಡಬಹುದು, ಲೆಂಟಿಸೆಲ್‌ಗಳು ಉಬ್ಬಬಹುದು, ಗಾಳಿಗೊಳವೆಗಳು ಹೆಚ್ಚಬಹುದು. ಮೊಣಕಾಲು ಬೇರು ಕಟ್ಟುವ ಸಾಮರ್ಥ್ಯ ಮಾತ್ರ ಅಸಂಖ್ಯ ತಲೆಮಾರುಗಳ ಗಳಿಕೆ. ಆ ಗಳಿಕೆ ಸಿದ್ಧಿಸಿದ್ದು ನೀರು ಬತ್ತದ, ಹೂಳು ತುಂಬದ, ನೆರಳು ತೆರೆಯದ ನೆಲದಲ್ಲಿ. ಈ ಮೂರರಲ್ಲಿ ಯಾವುದು ತಪ್ಪಿದರೂ ಅದು ನಿರುಪಯೋಗಿ. ಹೂಳು ಮೇಲೇರಿದರೆ ಮೊಣಕಾಲುಗಳು ಮುಚ್ಚಿಹೋಗಿ ಮರ ಉಸಿರುಗಟ್ಟುತ್ತದೆ. ನೀರು ಬತ್ತಿದರೆ ಮೇಲ್ಪದರದ ಬೇರಿಗೆ ಆಳದ ತೇವ ಎಟುಕುವುದಿಲ್ಲ. ಜಡ್ಡಿಗಳ ಇತಿಹಾಸವೆಂದರೆ ಬಹುಮಟ್ಟಿಗೆ ಈ ಮೂರು ಸ್ಥಿತಿಗಳನ್ನು ಯಾರು, ಯಾವಾಗ, ಯಾವ ಕಾರಣಕ್ಕೆ ಕಾಪಾಡಿದರು ಅಥವಾ ಕೆಡಿಸಿದರು ಎಂಬುದರ ಇತಿಹಾಸ.

ಮನುಷ್ಯರಿಗಿಂತ ಮೊದಲು ಈ ಸ್ಥಿತಿಗಳನ್ನು ಬದಲಿಸಿದ್ದು ಮಳೆ. ಕಳೆದ ಹಿಮಯುಗ ಮುಗಿದ ಮೇಲೆ ಮುಂಗಾರು ಬಲಗೊಂಡ ಸಾವಿರಾರು ವರ್ಷಗಳಲ್ಲಿ ಘಟ್ಟದ ತೇವದ ಕಾಡುಗಳು ವಿಸ್ತಾರವಾಗಿದ್ದವು. ಕಾರವಾರದ ಕಡಲಿನಲ್ಲಿ ತಳದಿಂದ ತೆಗೆದ ಹೂಳಿನ ಮಾದರಿಗಳಲ್ಲಿರುವ ಪರಾಗವನ್ನು ಪರಿಶೀಲಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಸುಮಾರು 3,500 ವರ್ಷಗಳ ಹಿಂದೆ ಈ ಭಾಗದ ಹವೆ ಒಣಗತೊಡಗಿತು ಎಂದು ತೋರಿಸಿತು. ಕಾಳಿ ನದಿಯ ಕಡೆಯಿಂದ ಕಡಲಿಗೆ ಬಂದು ಬೀಳುತ್ತಿದ್ದ ತೇವದ ಕಾಡಿನ ಪರಾಗ ಆ ಹೊತ್ತಿಗೆ ಇಳಿಮುಖವಾಗಿತ್ತು. ಮಳೆ ಕುಗ್ಗಿದಂತೆ ನಿತ್ಯಹರಿದ್ವರ್ಣ ಕಾಡು ಕಣಿವೆಗಳತ್ತ ಹಿಂಜರಿದಿರಬೇಕು. ಗುಡ್ಡದ ನೀರು ಒಸರುತ್ತಲೇ ಇದ್ದ ತಗ್ಗುಗಳು ಅದಕ್ಕೆ ಆಸರೆಯಾದವು.

ಘಟ್ಟದಲ್ಲಿ ಬೇಸಾಯ ಹರಡಿದ ಮೇಲೆ ಬೆಂಕಿ ಬಂತು. ಇಳಿಜಾರಿನ ಕಾಡನ್ನು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಮೊದಲಾದ ಧಾನ್ಯ ಬಿತ್ತಿ, ಒಂದೆರಡು ಬೆಳೆಯ ನಂತರ ಬೇರೆಡೆಗೆ ಸರಿಯುವ ಕುಮರಿ ಬೇಸಾಯ ಉತ್ತರ ಕನ್ನಡದಲ್ಲಿ ದೀರ್ಘಕಾಲ ನಡೆಯಿತು. ಎಲ್ಲ ಕಾಡನ್ನೂ ಹಾಗೆ ಸುಡಲಿಲ್ಲ ಎಂಬುದೇ ಇಲ್ಲಿ ಮುಖ್ಯ. ಪ್ರತಿ ಊರಿನ ಸುತ್ತ ಕೆಲವು ತುಂಡುಗಳನ್ನು ಕಾನು ಎಂದು ಬಿಟ್ಟುಕೊಂಡಿದ್ದರು. ಅಲ್ಲಿ ಕೊಡಲಿ ಮತ್ತು ಬೆಂಕಿಗೆ ಪ್ರವೇಶವಿರಲಿಲ್ಲ. ಅನೇಕ ಕಾನುಗಳು ದೇವರಿಗೆ ಸೇರಿದವು. ಹೊನ್ನಾವರದ ಬಳಿಯ ಕರಿಕಾನಮ್ಮನ ಬೆಟ್ಟದ ಕಾಡು ಇಂದಿಗೂ ದೇವಿಯದೇ. 1800–01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಕರಾವಳಿಯ ಹಳ್ಳಿಗಳಲ್ಲಿ ಕಾಡು ಗ್ರಾಮದೇವತೆಯ ಸ್ವತ್ತಾಗಿರುವುದನ್ನೂ ಮರ ಕಡಿಯಲು ಪೂಜಾರಿಯೂ ಆದ ಗೌಡನ ಒಪ್ಪಿಗೆ ಬೇಕಿರುವುದನ್ನೂ ದಾಖಲಿಸಿದ. ಸರ್ಕಾರದ ಹಕ್ಕಿಗೆ ಅಡ್ಡಬರುವ ಉಪಾಯವಿದು ಎಂದು ಅವನಿಗೆ ಅನುಮಾನ. ಆದರೆ ಅವನ ಬರಹದಿಂದಲೇ ತಿಳಿಯುವ ಸಂಗತಿಯೆಂದರೆ, ಆ ಹೊತ್ತಿಗೆ ಈ ಏರ್ಪಾಡು ಚೆನ್ನಾಗಿ ಬೇರೂರಿತ್ತು.

ಕಾನಿಗೆ ಭಕ್ತಿಯ ಜೊತೆ ದುಡಿಮೆಯ ಕಾರಣವೂ ಇತ್ತು: ಕಾಳುಮೆಣಸು. ಮೆಣಸಿನ ಬಳ್ಳಿಗೆ ಎತ್ತರದ ಮರದ ಆಸರೆ, ನೆರಳು ಮತ್ತು ತೇವದ ಗಾಳಿ ಬೇಕು. ಅದರ ಬೇರು ನಿಂತ ನೀರನ್ನು ಮಾತ್ರ ತಾಳದು, ಕೊಳೆತುಹೋಗುತ್ತದೆ. ಹಾಗಾಗಿ ಬಳ್ಳಿ ಹಬ್ಬುತ್ತಿದ್ದದ್ದು ಕಾನಿನ ಇಳಿಜಾರಿನ ಮರಗಳ ಮೇಲೆ, ಜಡ್ಡಿ ಉಳಿಯುತ್ತಿದ್ದದ್ದು ಅದೇ ಕಾನಿನ ತಗ್ಗಿನಲ್ಲಿ. ಮೆಣಸಿಗಾಗಿ ಮೇಲಿನ ಮರಗಳನ್ನು ಕಾದವರು, ಅದು ಉದ್ದೇಶವಾಗಿರಲಿ ಬಿಡಲಿ, ಕೆಳಗಿನ ಜಡ್ಡಿಗೆ ನೀರನ್ನೂ ನೆರಳನ್ನೂ ಕಾದರು. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದರು. ಆಕೆಯ ನಾಡಿನ ಹೃದಯಭಾಗವಾದ ಶರಾವತಿ ಕಣಿವೆಯ ಸುತ್ತಲೇ ಜಡ್ಡಿಗಳು ಇಂದಿಗೂ ಹೆಚ್ಚಾಗಿ ಕಾಣಸಿಗುವುದು ಕಾಕತಾಳೀಯವೆಂದು ತಳ್ಳಿಹಾಕುವಂಥದಲ್ಲ. ಜಡ್ಡಿಯ ಮರಗಳಿಂದ ನೇರ ಲಾಭವೂ ಇತ್ತು. ರಾಮಪತ್ರೆಯ ಬೀಜವನ್ನು ಸುತ್ತಿರುವ ಕೆಂಪು ಪತ್ರೆ ಸಾಂಬಾರಕ್ಕೂ ಔಷಧಕ್ಕೂ ಮಾರಾಟವಾಗುತ್ತಿತ್ತು, ಈಗಲೂ ಆಗುತ್ತದೆ. ಜಿಮ್ನಕ್ರಾಂತೆರಾದ ಬೀಜದಲ್ಲಿ ಗಟ್ಟಿ ಕೊಬ್ಬಿದ್ದು ಕರಾವಳಿಯಲ್ಲಿ ಅದನ್ನು ದೀಪಕ್ಕೆ ಬಳಸುತ್ತಿದ್ದರು.

ಅಡಿಕೆ ತೋಟ ಮತ್ತು ಭತ್ತದ ಗದ್ದೆ ಜಡ್ಡಿಯ ಪಾಲಿಗೆ ಬೇರೆಯೇ ಕಥೆ. ಬತ್ತದ ನೀರು, ಗಾಳಿಯಿಂದ ಮರೆ, ಗುಡ್ಡದಿಂದ ಇಳಿದ ಫಲವತ್ತಾದ ಮಣ್ಣು, ಹೀಗೆ ಅಡಿಕೆ ಬೆಳೆಗಾರ ಹುಡುಕುತ್ತಿದ್ದದ್ದೆಲ್ಲ ಜಡ್ಡಿಯಿರುವ ಕಣಿವೆಯಲ್ಲೇ ಇತ್ತು. ಆದರೆ ಅಡಿಕೆಯ ಬೇರಿಗೆ ನೀರು ಹತ್ತಿರ ಇರಬೇಕು, ನಿಲ್ಲಬಾರದು. ಆದ್ದರಿಂದ ತೋಟದ ಮೊದಲ ಕೆಲಸ ಆಳವಾದ ಬಸಿಗಾಲುವೆ ತೋಡಿ ಕೆಸರನ್ನು ಬಸಿದು ಗಟ್ಟಿನೆಲ ಮಾಡುವುದು. ಸಾವಿರಾರು ವರ್ಷ ಕೆಸರಿಗೆ ಹೊಂದಿಕೊಂಡ ಬೇರುಗಳ ನೆಲೆ ಒಂದು ಬೇಸಿಗೆಯ ಗುದ್ದಲಿ ಕೆಲಸಕ್ಕೆ ಇಲ್ಲವಾಗುತ್ತಿತ್ತು. ಭತ್ತದ ಮಾತು ಇದಕ್ಕೆ ವಿರುದ್ಧ. ಭತ್ತದ ಬೇರಿನಲ್ಲೂ ಏರೆಂಕೈಮಾ ಇದೆ, ಜಡ್ಡಿಯ ಮರದಂತೆಯೇ ಅದೂ ಬೇರಿಗೆ ಗಾಳಿ ಇಳಿಸಿ ನೀರಿನಲ್ಲಿ ಬದುಕುತ್ತದೆ. ಕೆಸರಿನ ಅದೇ ಸಮಸ್ಯೆಗೆ ಅದೇ ಉತ್ತರ ಕಂಡುಕೊಂಡ ಹುಲ್ಲೊಂದು ಮರಗಳನ್ನು ಸ್ಥಾನಪಲ್ಲಟಗೊಳಿಸಿತು. ಮಲೆನಾಡಿನ ಕಣಿವೆಗಳ ಎಷ್ಟು ಗದ್ದೆ ತೋಟಗಳು ಒಮ್ಮೆ ಜಡ್ಡಿಗಳಾಗಿದ್ದವು ಎಂದು ಲೆಕ್ಕ ಹಾಕುವುದು ಸಾಧ್ಯವಿಲ್ಲ. ಉಳಿದ ತುಂಡುಗಳು ತೋಟದ ತಲೆಯ ಮೇಲೆ, ಹಳ್ಳ ಹುಟ್ಟುವ ಕಡೆ ಇರುವುದು ಮಾತ್ರ ಆ ಬದಲಾವಣೆಯ ದಿಕ್ಕನ್ನು ಹೇಳುತ್ತದೆ. ತೋಟಿಗರು ಅವನ್ನು ಬಿಟ್ಟದ್ದು ಬುದ್ಧಿವಂತಿಕೆಯಿಂದ. ಮೇಲಿನ ಕಾನು ಹೋದರೆ ಕೆಳಗಿನ ತೋಟಕ್ಕೆ ನೀರಿಲ್ಲ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

19ನೇ ಶತಮಾನದ ಆಡಳಿತ ಈ ಸಮತೋಲವನ್ನು ಕದಲಿಸಿತು. ಮದ್ರಾಸ್ ಸರ್ಕಾರ 1860ರಲ್ಲಿ ಅನುಮತಿಯಿಲ್ಲದ ಕುಮರಿಯನ್ನು ನಿರ್ಬಂಧಿಸಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆಯ ನಂತರ ಕಾನುಗಳು ಒಂದೊಂದಾಗಿ ಸರ್ಕಾರದ ಮೀಸಲು ಕಾಡುಗಳಾದವು. ಕಾನು ಏನೆಂದು ಅಧಿಕಾರಿಗಳಿಗೆ ತಿಳಿದಿರಲಿಲ್ಲವೆಂದಲ್ಲ. ಡೀಟ್ರಿಕ್ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಸೊರಬ ತಾಲ್ಲೂಕಿನ ಕಾನುಗಳ ಬಗ್ಗೆ ಜಂಟಿ ವರದಿ ಬರೆದು 171 ಕಾನುಗಳನ್ನು ಗುರುತಿಸಿದರು. ಉತ್ತರ ಕನ್ನಡದಲ್ಲಿ ಅರಣ್ಯ ವ್ಯವಸ್ಥೆಯ ಕೆಲಸ ಮಾಡಿದ ವಿಂಗೇಟ್ 1888ರಲ್ಲಿ ಕಾನುಗಳು ಒರತೆಗಳನ್ನೂ ಬತ್ತದ ಹಳ್ಳಗಳನ್ನೂ ಸಾಂಬಾರ ತೋಟಗಳನ್ನೂ ಉಳಿಸಿವೆ ಎಂದು ಬರೆದ. ಅರಿವು ಕಾಗದದಲ್ಲಿ ಉಳಿಯಿತು. ಊರಿನವರ ಹಕ್ಕು ಹೋದ ಮೇಲೆ ಮೆಣಸು ಕೊಯ್ಯುವವನಿಗೂ ಬೈನೆ ಮರದ ಕಳ್ಳು ಇಳಿಸುವವನಿಗೂ ಕಾನು ತನ್ನದೆಂಬ ಭಾವ ಸಡಿಲವಾಯಿತು. ಬೆಂಕಿ ಬಿದ್ದರೆ ಆರಿಸಲು ಓಡುತ್ತಿದ್ದವರು ಸುಮ್ಮನಾದರು. ತೋಟಗಳಿಗೆ ಸೊಪ್ಪಿಗಾಗಿ ಬಿಟ್ಟುಕೊಟ್ಟ ಬೆಟ್ಟಗಳಲ್ಲಿ ವರ್ಷವರ್ಷವೂ ಸವರಿದ ಮರಗಳು ಕುಬ್ಜವಾಗಿ, ಇಳಿಜಾರಿನ ನೆರಳು ತೆಳುವಾಯಿತು.

20ನೇ ಶತಮಾನದಲ್ಲಿ ಆಘಾತ ನೇರವಾಗಿಯೇ ಬಂತು. ರೈಲು ಸ್ಲೀಪರ್, ಪ್ಲೈವುಡ್, ಬೆಂಕಿಕಡ್ಡಿಗಳಿಗೆ ನಿತ್ಯಹರಿದ್ವರ್ಣ ಕಾಡಿನ ಮರಗಳು ಬೇಕಾದವು. ಪ್ಲೈವುಡ್ಡಿಗೆ ಸುಲಭವಾಗಿ ಸುಲಿಯುವ ಮೆತ್ತನೆಯ ಮರಗಳಲ್ಲಿ ರಾಮಪತ್ರೆಯ ಬಳಗದ್ದೂ ಸೇರಿತ್ತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು ಶರಾವತಿಯ ಮೇಲ್ಕಣಿವೆಯನ್ನು ಮುಳುಗಿಸಿತು. ನೀರನ್ನು ಪ್ರೀತಿಸುವ ಮರಗಳು ನೀರಿನಲ್ಲೇ ಹೇಗೆ ಸಾಯುತ್ತವೆ ಎಂಬುದಕ್ಕೆ ಇಂಥ ಹಿನ್ನೀರು ಉದಾಹರಣೆ: ಮೊಣಕಾಲು ಬೇರು ಕೆಲಸ ಮಾಡುವುದು ಅದರ ನೆತ್ತಿ ನೀರಿನ ಮೇಲಿದ್ದಾಗ ಮಾತ್ರ. ಇಳಿಜಾರುಗಳಲ್ಲಿ ಸಾಗುವಾನಿ, ಆಮೇಲೆ ಅಕೇಶಿಯಾ ನೆಡುತೋಪುಗಳು ಎದ್ದವು. ರಸ್ತೆಗಳನ್ನು ಅಗಲಗೊಳಿಸಿದಾಗ ಕಡಿದ ಮಣ್ಣು ಕಣಿವೆಗೆ ಜಾರಿತು. ಹಳೆಯ ಕಾಡಿನ ನೆಲದಲ್ಲಿ ಎಲೆಯ ರಾಶಿ, ಬೇರಿನ ಜಾಲ, ಇರುವೆ ಗೆದ್ದಲುಗಳು ಕೊರೆದ ದಾರಿಗಳಿಂದ ಮಳೆನೀರು ಒಳಗಿಳಿದು ತಿಂಗಳುಗಟ್ಟಲೆ ನಿಧಾನವಾಗಿ ಒಸರುತ್ತದೆ. ತೋಪಿನ ಗಡಸು ನೆಲದಲ್ಲಿ ಹೆಚ್ಚಿನ ಪಾಲು ಮೇಲ್ಮೈಯಲ್ಲೇ ಹರಿದುಹೋಗುತ್ತದೆ, ಬರುವಾಗ ಮಣ್ಣನ್ನೂ ತರುತ್ತದೆ. ಮಳೆಗಾಲದಲ್ಲಿ ಹೂಳು, ಬೇಸಿಗೆಯಲ್ಲಿ ಬರ, ಎರಡೂ ಒಂದೇ ಕಾರಣದಿಂದ ಜಡ್ಡಿಗೆ ತಟ್ಟಿದವು.

ವಿಜ್ಞಾನದ ಗಮನ ಈ ಕಾಡುಗಳ ಕಡೆ ಹರಿದದ್ದು ತಡವಾಗಿ. 1960ರಲ್ಲಿ ಕೃಷ್ಣಮೂರ್ತಿ ಎಂಬವರು ತಿರುವಾಂಕೂರಿನ ಜಡ್ಡಿಗಳನ್ನು ಮೊದಲು ವಿವರಿಸಿದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಭಾರತದ ಕಾಡುಗಳನ್ನು ವರ್ಗೀಕರಿಸಿದಾಗ ಇದಕ್ಕೊಂದು ಪ್ರತ್ಯೇಕ ವರ್ಗವನ್ನೇ ಕೊಟ್ಟರು. ದಕ್ಷಿಣ ಕೇರಳದ ಕುಳತ್ತುಪುಳ, ಅಂಚಲ್, ಶೆಂದುರುಣಿ ಭಾಗದ 60 ಜಡ್ಡಿಗಳನ್ನು ಅಳೆದಾಗ ಎಲ್ಲವೂ ಸೇರಿ ಸುಮಾರು 150 ಹೆಕ್ಟೇರ್ ಮಾತ್ರ ಆದವು. ಗೋವಾದ ಸತ್ತರಿಯಲ್ಲಿ ನಿರಂಕಾರಾಚಿ ರಾಯಿ ಎಂಬ ದೇವರಕಾಡು ಜಡ್ಡಿಯನ್ನು ಉಳಿಸಿಕೊಂಡಿದೆ. ಉತ್ತರ ಕನ್ನಡದ ಜಡ್ಡಿಗಳನ್ನು ಕುಮಟಾದ ಸಸ್ಯವಿಜ್ಞಾನಿ ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಹೋದ್ಯೋಗಿಗಳು 1999ರಲ್ಲಿ ಬೆಳಕಿಗೆ ತಂದರು. ಮರುವರ್ಷವೇ ಕತ್ತಲೆಕಾನಿನಿಂದ ಗೇರಿನ ಕುಟುಂಬದ ಹೊಸ ಪ್ರಭೇದವೊಂದನ್ನು ದಾಸಪ್ಪ ಮತ್ತು ಸ್ವಾಮಿನಾಥ್ ವಿವರಿಸಿ, ಆ ಊರಿನ ಹೆಸರನ್ನೇ ಇಟ್ಟು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ತಿರುವಾಂಕೂರಿನಲ್ಲಷ್ಟೇ ಇದೆಯೆಂದು ತಿಳಿದಿದ್ದ, ಅಳಿವಿನ ಅಂಚಿನಲ್ಲಿರುವ ನೇರಳೆಯ ಬಂಧು ಸಿಜೀಜಿಯಂ ಟ್ರಾವಂಕೋರಿಕಂ ಕೂಡ ಇದೇ ಜಡ್ಡಿಯಲ್ಲಿ ಸಿಕ್ಕಿತು. ನೂರಾರು ಮೈಲಿ ದೂರದ ಜೌಗುಗಳಲ್ಲಿ ಒಂದೇ ಬಗೆಯ ಮರ ಉಳಿದಿದ್ದರೆ, ನಡುವಣ ಕಣಿವೆಗಳಲ್ಲೂ ಅದು ಒಮ್ಮೆ ಇದ್ದಿರಬಹುದು.

ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಈ ಜಿಲ್ಲೆಯ ಹಳ್ಳಗಳ ಹರಿವನ್ನು ಗಮನಿಸಿ, ಜಲಾನಯನದಲ್ಲಿ ಶೇಕಡಾ 60ಕ್ಕಿಂತ ಹೆಚ್ಚು ಸ್ಥಳೀಯ ಸಸ್ಯರಾಶಿ ಇರುವ ಕಡೆ ಹಳ್ಳಗಳು ವರ್ಷವಿಡೀ ಹರಿಯುವುದನ್ನೂ, ಕಾಡು ಹಾಳಾದ ಕಡೆ ಮಳೆ ನಿಂತ ಕೆಲವು ತಿಂಗಳಲ್ಲೇ ಬತ್ತುವುದನ್ನೂ ತೋರಿಸಿತು. ವಿಂಗೇಟ್ ನೂರಕ್ಕೂ ಹೆಚ್ಚು ವರ್ಷ ಹಿಂದೆ ಬರೆದದ್ದಕ್ಕೆ, ತೋಟಿಗರು ಅದಕ್ಕೂ ಹಿಂದೆ ಅರಿತಿದ್ದಕ್ಕೆ, ಅಳತೆಯ ಆಧಾರ ಸಿಕ್ಕಿದ್ದು ಈಗ. ಜಡ್ಡಿಯನ್ನು ಬೇಲಿ ಹಾಕಿ ಉಳಿಸಲಾಗದು, ಅದರ ಮೇಲಿನ ಇಡೀ ಗುಡ್ಡ ಉಳಿಯಬೇಕು ಎಂಬುದು ಇದರಿಂದ ಸ್ಪಷ್ಟ.

ಕಾನೂನಿನ ರಕ್ಷಣೆ ಬಂದದ್ದು ಸಿಂಗಳೀಕದ ನೆಪದಲ್ಲಿ. ಹಣ್ಣುಗಳಿಗಾಗಿ ವರ್ಷವಿಡೀ ನಿತ್ಯಹರಿದ್ವರ್ಣ ಕಾಡನ್ನೇ ನಂಬಿದ ಈ ಕೋತಿಗಾಗಿ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ವಿಸ್ತೀರ್ಣದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2019ರಲ್ಲಿ ಅದು ಶರಾವತಿ ಅಭಯಾರಣ್ಯದೊಂದಿಗೆ ಸೇರಿ ಸುಮಾರು 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವಾಯಿತು.

ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಜಡ್ಡಿಯ ಮರಗಳ ಸಸಿ ಬೆಳೆಸಿ ಮರಳಿ ನೆಡುವ ಕೆಲಸ ಮಾಡುತ್ತಿದ್ದಾರೆ. ಕೆಲಸ ಕಷ್ಟದ್ದು. ಈ ಬೀಜಗಳು ಒಣಗಿ ಕಾದಿಡಲು ಬರುವಂಥವಲ್ಲ, ಬಿದ್ದ ಸ್ವಲ್ಪ ದಿನಗಳಲ್ಲೇ ತೇವದಲ್ಲಿ ಮೊಳೆಯಬೇಕು. ಕಾಡಿನಲ್ಲಿ ಅವನ್ನು ಒಂದು ಕಣಿವೆಯಿಂದ ಇನ್ನೊಂದಕ್ಕೆ ಒಯ್ಯುವವು ಮಂಗಟ್ಟೆ ಹಕ್ಕಿಗಳು ಮತ್ತು ಕಾಡು ಪಾರಿವಾಳಗಳು. ನಡುವಿನ ಕಾಡು ತುಂಡಾದ ಕಡೆ ಆ ಸಾಗಣೆ ನಿಂತುಹೋಗಿರುವುದರಿಂದ ಮನುಷ್ಯರೇ ಅದನ್ನು ಮಾಡಬೇಕಾಗಿದೆ. ಸಸಿಗೆ ಮೊದಲ ವರ್ಷಗಳಲ್ಲಿ ದಟ್ಟ ನೆರಳು ಬೇಕು, ಬಿಸಿಲು ಬಿದ್ದ ಜಡ್ಡಿಯಲ್ಲಿ ಹುಲ್ಲು ಮತ್ತು ಮುಂಡಿಗೆ ಅದನ್ನು ಮುಚ್ಚಿಬಿಡುತ್ತವೆ. ಅಭಯಾರಣ್ಯದ ಗಡಿಯ ಹೊರಗೆ, ತೋಟಗಳ ಮೇಲಂಚಿನಲ್ಲಿ ಉಳಿದಿರುವ ಸಣ್ಣ ತುಂಡುಗಳ ಪಾಡು ಇನ್ನೂ ತೀರ್ಮಾನವಾಗಿಲ್ಲ. ಹಳ್ಳದ ನೀರನ್ನು ಅಲ್ಲೇ ಪಂಪು ಹಾಕಿ ಬೇಸಿಗೆಯ ಅಡಿಕೆಗೆ ಎತ್ತುವುದು ಈಗ ರೂಢಿ. ಕೆಲವು ಕಡೆ ತೋಟದವರೇ ಹಳ್ಳದ ಮೇಲ್ಭಾಗವನ್ನು ಮುಟ್ಟದೆ ಬಿಟ್ಟು, ಜಡ್ಡಿಯ ಕೆಳಗೆ ಒಡ್ಡು ಕಟ್ಟಿ ಅಲ್ಲಿಂದ ನೀರು ತೆಗೆದುಕೊಳ್ಳುತ್ತಾರೆ. ಅಂಥ ಕಡೆ ಮೊಣಕಾಲು ಬೇರುಗಳ ನಡುವಿನ ಕೆಸರು ಏಪ್ರಿಲ್‌ನಲ್ಲೂ ಹಸಿಯಾಗಿರುತ್ತದೆ, ತೋಟಕ್ಕೂ ನೀರಿನ ತೊಂದರೆ ಬಂದಿಲ್ಲ.